ಹಳೆಯ ಆಟದ ಪರ ಸತುರ್ನೀನೊ ವಾದ

ಸತುರ್ನೀನೊ ಕವಾನ ಇಪ್ಪತ್ತೇಳು ವರ್ಷ ವ್ಯಾನ್ ಓಡಿಸಿದವರು. ಲಿಮಾ ನಗರದ ಉತ್ತರಕ್ಕೆ, ಕೋಮಸ್‌ನ ಗುಡ್ಡದ ಬುಡದಿಂದ ಬಂದರಿನವರೆಗೆ, ಹದಿನಾರು ಸೀಟಿನ ಗಾಡಿಯಲ್ಲಿ ಇಪ್ಪತ್ತೆಂಟು ಜನರನ್ನು ತುಂಬಿಕೊಂಡು ದಿನಕ್ಕೆ ನಾಲ್ಕು ಸುತ್ತು. ಎರಡು ವರ್ಷದ ಹಿಂದೆ ಓಡಿಸುವುದನ್ನು ಬಿಟ್ಟರು. ಕೇಳಿದವರಿಗೆಲ್ಲ ಮಂಡಿ ನೋವು ಎಂದರು. ಮಂಡಿ ನೋವಿಲ್ಲದ ಡ್ರೈವರ್ ಆ ದಾರಿಯಲ್ಲಿ ಒಬ್ಬನೂ ಇಲ್ಲವಾದ್ದರಿಂದ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ನಿಜವಾಗಿ ಹೋಗಿದ್ದು ಕಣ್ಣು. ಲೈಸೆನ್ಸ್ ನವೀಕರಿಸಲು ಹೋದಾಗ ಅವರನ್ನು ಹಿಂದಕ್ಕೆ ಕಳಿಸಿದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಲಿ ಎಂದು ಬೆಳಿಗ್ಗೆ ಸಂಜೆ ಒಂದೊಂದು ಹನಿ ಹಾಕಿಕೊಳ್ಳಿ ಎಂದರು ವೈದ್ಯರು. ಎದುರಿಗಿರುವುದು ಕಾಣುತ್ತದೆ. ಅಂಚುಗಳಿಲ್ಲ. ಕಾಗದವನ್ನು ಕೊಳವೆಯ ಹಾಗೆ ಸುತ್ತಿ ಅದರೊಳಗಿಂದ ನೋಡಿದಂತೆ. ಪಕ್ಕದಿಂದ ಬರುವ ಬೈಕು ಗಾಡಿಯ ಮೂತಿಯ ಮುಂದೆ ಬಂದಾಗಲೇ ಹುಟ್ಟುತ್ತದೆ.

ವೈದ್ಯರು ಹೇಳಿದ ಇನ್ನೊಂದು ಮಾತನ್ನು ಸತುರ್ನೀನೊ ಮನೆಯಲ್ಲೂ ಬಾಯಿಬಿಡಲಿಲ್ಲ. ಇದು ಮೊನ್ನೆ ಮೊನ್ನೆ ಶುರುವಾದದ್ದಲ್ಲ ಎಂದಿದ್ದರು ಅವರು. ಸತುರ್ನೀನೊಗೆ ಅದು ಗೊತ್ತಿತ್ತು. ಕೊನೆಯ ಒಂದು ವರ್ಷ ಅವರು ಗೊತ್ತಿದ್ದೇ ಓಡಿಸಿದ್ದರು. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಅಬೆಲೀನೊ "ಎಡ ಖಾಲಿ, ಬಲಕ್ಕೆ ಬೈಕು, ಮೂಲೇಲಿ ಇಬ್ಬರು ಹತ್ತೋರು" ಎಂದು ಕೂಗುತ್ತಿದ್ದ. ಕೂಗುವುದು ಎಲ್ಲ ಕಂಡಕ್ಟರುಗಳ ಕೆಲಸ. ಆ ವರ್ಷ ಮಾತ್ರ ಕೂಗದಿದ್ದರೆ ಗಾಡಿಯೇ ನಡೆಯುತ್ತಿರಲಿಲ್ಲ. ಕಣ್ಣಿನ ವಿಷಯ ಹೊರಬಿದ್ದರೆ ಇಡೀ ಗುಡ್ಡ ಕುಳಿತು ಹಿಂದಿನ ದಿನಗಳನ್ನು ಎಣಿಸುತ್ತದೆ. ಆ ವರ್ಷ ಯಾರು ಯಾರು ಆ ವ್ಯಾನಿನಲ್ಲಿದ್ದರು, ಯಾರ ಮಕ್ಕಳಿದ್ದರು.

ನೆಲಿದ ವಾರ್ಕಾಯ ಅವರ ಮಗಳಿದ್ದಳು. ದಿನಾ ಬೆಳಿಗ್ಗೆ ಶಾಲೆಗೆ, ಚಾಲಕನ ಹಿಂದಿನ ಸೀಟಿನಲ್ಲಿ.

ನೆಲಿದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಂಟು ಕಂಪ್ಯೂಟರಿಟ್ಟು ಬಾಡಿಗೆಗೆ ಕೊಡುವವರು. ಇಂಥ ಕೋಣೆಗಳು ಕೋಮಸ್‌ನಲ್ಲಿ ಒಂದು ಕಾಲಕ್ಕೆ ಬೀದಿಗೆ ಎರಡಿದ್ದವು. ಈಗ ಗುಡ್ಡದ ಈ ಬದಿಗೆ ಉಳಿದಿರುವುದು ಇದೊಂದೇ. ಇಲ್ಲಿ ಆಡುವ ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಹೊರಬಂದ ಕ್ರಮದ ಸಂಖ್ಯೆಯೇ ಹೆಸರು: ಮೂರನೆಯದು, ನಾಲ್ಕನೆಯದು, ಐದನೆಯದು. ಎಲ್ಲದರಲ್ಲೂ ಒಂದು ದೊಡ್ಡ ಊರು, ಅದರೊಳಗೆ ಬಿಟ್ಟ ಒಬ್ಬ ಕಳ್ಳ. ಕಾರು ಕದಿಯಬಹುದು, ಬ್ಯಾಂಕು ದೋಚಬಹುದು, ಪೊಲೀಸರಿಂದ ಓಡಬಹುದು, ಏನೂ ಮಾಡದೆ ಸುಮ್ಮನೆ ಸುತ್ತಲೂಬಹುದು.

ನಾಲ್ಕನೆಯದಕ್ಕೆ ಲಿಮಾದ ಯಾರೋ ಪುಣ್ಯಾತ್ಮರು ನಮ್ಮ ವ್ಯಾನುಗಳನ್ನು ಸೇರಿಸಿದ್ದರು. ಪಕ್ಕದಲ್ಲಿ ದಾರಿಯ ಹೆಸರು ಬರೆದ, ಬಂಪರ್ ಬಿರುಕುಬಿಟ್ಟ, ಇಲ್ಲಿನವರು ಕೊಂಬಿ ಎನ್ನುವ ನಿಜವಾದ ವ್ಯಾನುಗಳು. ಅದರಲ್ಲಿ ಜನ ನಿಲ್ದಾಣದಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಾರೆ. ಹಾಗಾಗಿ ನೆಲಿದರ ಕೋಣೆಯಲ್ಲಿ ಭಾನುವಾರದ ಒಂದು ಪದ್ಧತಿ ಬೆಳೆದಿತ್ತು. ಹತ್ತು ಗಂಟೆಗೆ ಎಂಟೂ ಯಂತ್ರಗಳು ಒಂದೇ ಊರಿಗೆ ಇಳಿಯುತ್ತವೆ. ಸತುರ್ನೀನೊ ಆ ಊರಿನ ಬಂದರಿನವರೆಗೆ ವ್ಯಾನ್ ಓಡಿಸುತ್ತಾರೆ, ಅಬೆಲೀನೊ ಬಾಗಿಲಲ್ಲಿ ನಿಂತು ಕೂಗುತ್ತಾನೆ, ಉಳಿದವರು ಹಿಂದೆ ಕುಳಿತು ದಾರಿಯಲ್ಲಿ ಸಿಕ್ಕ ಗೂಂಡಾಗಳ ಮೇಲೆ ಗುಂಡು ಹಾರಿಸುತ್ತಾರೆ. ಆ ಊರು ಸತುರ್ನೀನೊಗೆ ಬಾಯಿಪಾಠ. ಕಣ್ಣು ಚೆನ್ನಾಗಿದ್ದಾಗಲೇ ಕಲಿತದ್ದು. ಯಾವ ತಿರುವಿನ ನಂತರ ಯಾವ ಕಂಬ, ಯಾವ ಸಿಗ್ನಲ್‌ನಲ್ಲಿ ಬಲದಿಂದ ಲಾರಿ ಬರುತ್ತದೆ ಎಂಬುದೆಲ್ಲ ಕೈಗೆ ಗೊತ್ತಿತ್ತು. ವಾರದಲ್ಲಿ ಎರಡು ಗಂಟೆ ಅವರು ಮೊದಲಿನ ಸತುರ್ನೀನೊ ಆಗಿರುತ್ತಿದ್ದರು.

ಐದನೆಯದು ಬಂದಾಗ ತೊಂದರೆ ಶುರುವಾಯಿತು. ಯಂತ್ರಗಳಲ್ಲಿ ಎರಡಕ್ಕೂ ಜಾಗವಿಲ್ಲ. ಒಂದನ್ನು ಹಾಕಿದರೆ ಇನ್ನೊಂದನ್ನು ಅಳಿಸಬೇಕು. ನೆಲಿದ ಮೊದಲ ಯಂತ್ರಕ್ಕೆ ಮಾತ್ರ ಹೊಸದನ್ನು ಹಾಕಿ, ಒಂದು ವಾರ ಎಲ್ಲರೂ ನೋಡಲಿ, ಭಾನುವಾರ ಕೈ ಎತ್ತಿ ತೀರ್ಮಾನ ಮಾಡಿ ಎಂದರು. ನೀರಿನ ಟ್ಯಾಂಕ್ ಎಲ್ಲಿರಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಈ ಗುಡ್ಡದ ಜನ ಕೈ ಎತ್ತಿಯೇ ತೀರ್ಮಾನಿಸಿದ್ದು.

ಜುಲೈ ತಿಂಗಳ ಆ ಭಾನುವಾರ ಹೊರಗೆ ಬೂದಿಬಣ್ಣದ ತುಂತುರು; ಲಿಮಾದ ಚಳಿಗಾಲದಲ್ಲಿ ಬೀಳುವುದು ಇಷ್ಟೇ, ಮಳೆಯಿಲ್ಲ. ಒಳಗೆ ಎಂಟು ಜನ, ಕೈಯಲ್ಲಿ ಬಿಸಿ ಕಷಾಯದ ಲೋಟ. ಹೊಸದರ ಪರ ಮಾತಾಡಲು ನಿಂತವನು ಜೊಸಿಮಾರ್, ಗೇಟು ಕಿಟಕಿ ಮಾಡುವ ವೆಲ್ಡರ್, ಇಪ್ಪತ್ತನಾಲ್ಕು ವರ್ಷ.

"ಊರು ನಾಲ್ಕು ಪಟ್ಟು ದೊಡ್ಡದು," ಎಂದ. "ಮಳೆ ಬಂದ್ರೆ ರಸ್ತೆ ಮೇಲೆ ನೀರು ನಿಲ್ಲುತ್ತೆ, ನೀರಲ್ಲಿ ದೀಪ ಕಾಣುತ್ತೆ. ಲಿಮಾದಲ್ಲಿ ಹುಟ್ಟಿದೋರು ಮಳೆ ನೋಡ್ಬೇಕು ಅಂದ್ರೆ ಇನ್ನೆಲ್ಲಿಗೆ ಹೋಗ್ಬೇಕು, ಹೇಳಿ?"

"ದೊಡ್ಡದಾದ್ರೆ ಏನ್ ಬಂತು," ಎಂದರು ಸತುರ್ನೀನೊ. "ಒಂದು ಬಾಗಿಲೂ ತೆಗಿಯಲ್ಲ. ಗೋಡೆಗೆ ಬಣ್ಣ ಬಳಿದಿಟ್ಟಿದ್ದಾರೆ ಅಷ್ಟೆ. ನಾಲ್ಕನೇದ್ರಲ್ಲಿ ಕಟಿಂಗ್ ಅಂಗಡಿಗೆ ಹೋದ್ರೆ ಆ ಮುದುಕ ಬೈಯೋನು. ನೆನಪಿದೆಯಾ?"

"ಮೂರನೇದ್ರಲ್ಲಿ ಕಥೆ ಇತ್ತು," ಎಂದ ಗುಂಪಿನಲ್ಲಿದ್ದ ದರ್ಜಿ ಅಣ್ಣತಮ್ಮಂದಿರಲ್ಲಿ ದೊಡ್ಡವನು. "ಆಮೇಲೆ ಬಂದದ್ದೆಲ್ಲ ಬರೀ ತಳುಕು. ಕೊನೇಲಿ ಆ ಕಳ್ಳ ಸ್ವಂತ ಅಣ್ಣನ ಮೇಲೇ ಬಂದೂಕು ಎತ್ತುತ್ತಾನಲ್ಲ, ನಾನು ಅತ್ತುಬಿಟ್ಟಿದ್ದೆ."

"ನೀನು ಸೂಜಿ ಚುಚ್ಚಿಕೊಂಡ್ರೂ ಅಳ್ತೀಯ," ಎಂದ ತಮ್ಮ.

"ಐದನೇದ್ರಲ್ಲೂ ಕಥೆ ಇದೆ," ಎಂದ ಜೊಸಿಮಾರ್. "ಆ ಹುಡುಗಿ ಅಮ್ಮನ್ನ ಜೈಲಿಂದ ಬಿಡಿಸೋಕೆ ಹೋಗೋ ಭಾಗ ಇನ್ನೂ ನೀವು ತಲುಪಿಲ್ಲ. ಪೊಲೀಸರು ನೋಡಿ. ಮೊದಲೆಲ್ಲ ಮೂರು ಬೀದಿ ದಾಟಿದ್ರೆ ಮರೆತುಬಿಡೋರು. ಈಗ ಮುಖ ನೆನಪಿಟ್ಕೋತಾರೆ."

"ಅದೇ ತಪ್ಪು," ಎಂದರು ನೆಲಿದ, ಬಾಗಿಲ ಬಳಿಯಿಂದ. ಅವರಿಗೆ ಮತವಿರಲಿಲ್ಲ, ಬಾಯಿಯಿತ್ತು. "ಯಾವ ಊರಿನ ಪೊಲೀಸ್ ಮುಖ ನೆನಪಿಟ್ಕೋತಾನೆ? ಕಳೆದ ವರ್ಷ ನನ್ನ ಸಿಲಿಂಡರ್ ಕದ್ದವನನ್ನ ಕೈಯಾರೆ ಹಿಡಿದುಕೊಟ್ಟೆ. ಸೋಮವಾರ ಅವನ ಹೆಸರು ನನ್ನನ್ನೇ ಕೇಳ್ತಾರೆ."

ಎಲ್ಲರೂ ನಕ್ಕರು. ನಗು ತಣ್ಣಗಾಗುವ ಮೊದಲೇ ಸತುರ್ನೀನೊ ತಮ್ಮ ದೊಡ್ಡ ಮಾತನ್ನು ಮುಂದಿಟ್ಟರು. ವಾರವಿಡೀ ಯೋಚಿಸಿ ಸಿದ್ಧಪಡಿಸಿದ ಮಾತು.

"ಕೊಂಬಿ ಇಲ್ಲ," ಎಂದರು. "ಇಷ್ಟು ದೊಡ್ಡ ಊರಲ್ಲಿ ಒಬ್ಬನಾದ್ರೂ ಬಸ್ಸಿಗೆ ಕಾಯ್ತಾ ನಿಂತಿದ್ದಾನಾ? ಎಲ್ಲರ ಹತ್ರನೂ ಕಾರು. ಇದು ಯಾರ ಊರು? ನಮ್ಮೋರು ಸೇರಿಸಬಹುದು ಅಂದ್ರೆ ಅದಕ್ಕೂ ಬೀಗ ಹಾಕಿದ್ದಾರೆ. ಹಳೇದು ನಮ್ಮನ್ನ ಒಳಗೆ ಬಿಟ್ಕೊಂಡಿತ್ತು."

ಮಾತು ನಾಟಿತು ಎಂದು ಅವರಿಗೆ ಅನಿಸಿತು.

"ಮಾವ," ಎಂದ ಜೊಸಿಮಾರ್, ಪ್ರೀತಿಯಿಂದಲೇ. "ಇದು ಕಳ್ಳರ ಆಟ, ಬಸ್ಸಿನ ಆಟ ಅಲ್ಲ. ನಾಲ್ಕು ವರ್ಷದಿಂದ ಭಾನುವಾರ ಬಂದ್ರೆ ನಾವು ಬಂದರಿಗೆ ಹೋಗಿ ವಾಪಸ್ ಬರ್ತಿದ್ದೀವಿ. ನಾನು ಸೋಮವಾರನೂ ಅದೇ ಮಾಡ್ತೀನಿ, ನಿಜವಾದ ಬಸ್ಸಲ್ಲಿ."

ಈ ಸಲ ನಗು ಜೋರಾಗಿತ್ತು. ಜೊಸಿಮಾರ್ ಮೊದಲ ಯಂತ್ರದ ಕುರ್ಚಿ ಎಳೆದ. "ಈ ವಾರ ಎಲ್ಲರೂ ಓಡಿಸಿ ನೋಡಿದ್ದಾರೆ, ನೀವೊಬ್ಬರು ಬಿಟ್ಟು. ಓಡಿಸದೆ ಬೈಯೋದು ನ್ಯಾಯನಾ? ಸೇತುವೆಯಿಂದ ಮಾರ್ಕೆಟ್‌ವರೆಗೆ, ಐದೇ ನಿಮಿಷ. ಆಮೇಲೆ ಏನ್ ಬೇಕಾದ್ರೂ ಹೇಳಿ."

ಬೇಡ ಎನ್ನಲು ಕಾರಣ ಬೇಕಿತ್ತು. ಮಂಡಿ ನೋವು ಇಲ್ಲಿ ಕೆಲಸಕ್ಕೆ ಬರುವಂಥದಲ್ಲ. ಸತುರ್ನೀನೊ ಕುಳಿತರು. ಅಬೆಲೀನೊ ಕೇಳದೆಯೇ ಬಂದು ಪಕ್ಕದಲ್ಲಿ ನಿಂತ. ಅವನೀಗ ಆಟೋ ಓಡಿಸುತ್ತಾನೆ, ಎರಡು ಮಕ್ಕಳ ತಂದೆ. ಸತುರ್ನೀನೊ ಸ್ಟೇರಿಂಗ್ ಮುಂದೆ ಕುಳಿತರೆ ಅವನ ಕಾಲು ಈಗಲೂ ತಾನಾಗಿ ಅಲ್ಲಿಗೇ ಹೋಗುತ್ತದೆ.

ಸೇತುವೆ ನೇರವಿತ್ತು, ಅದು ಸಲೀಸಾಯಿತು. ಇಳಿದ ಮೇಲೆ ಐದು ರಸ್ತೆ ಸೇರುವ ವೃತ್ತ. ಅಲ್ಲಿ ಕಾರುಗಳು ಗೋಡೆಯೊಳಗಿಂದ ಬಂದಂತೆ ಬರತೊಡಗಿದವು. ಪರದೆಯ ಮೂಲೆಯಲ್ಲಿ ಸಣ್ಣ ನಕ್ಷೆ ಇದೆಯಂತೆ. ಅವರ ಪಾಲಿಗೆ ಆ ಮೂಲೆಯೇ ಇರಲಿಲ್ಲ.

"ಬಲಕ್ಕೆ ಲಾರಿ," ಎಂದ ಅಬೆಲೀನೊ. "ಎಡ ಖಾಲಿ, ಎಡ ಖಾಲಿ, ಇಲ್ಲ, ನಿಲ್ಸಿ!"

"ನೋಡ್ರೋ, ಕಂಡಕ್ಟರ್‌ಗೆ ಡ್ಯೂಟಿ ಶುರುವಾಯ್ತು!" ಎಂದು ದರ್ಜಿ ತಮ್ಮ ಕೂಗಿದ. "ಟಿಕೆಟ್ ಕೊಡಪ್ಪಾ!"

ಕಾರು ಮೊದಲು ಹಣ್ಣಿನ ಗಾಡಿಗೆ, ಆಮೇಲೆ ಕಂಬಕ್ಕೆ, ಕೊನೆಗೆ ಪೊಲೀಸ್ ಠಾಣೆಯ ಗೇಟಿಗೇ ಗುದ್ದಿತು. ಮಾರ್ಕೆಟ್ ಇನ್ನೂ ಮೂರು ಬೀದಿ ದೂರ. ಹಿಂದೆ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಟ್ಟ ನಗುವಲ್ಲ, ದೊಡ್ಡವರೊಬ್ಬರು ಜಾರಿ ಬಿದ್ದಾಗ ಬರುವಂಥದು.

"ಇಪ್ಪತ್ತೇಳು ವರ್ಷದ ಸರ್ವೀಸು!" ಎಂದ ಜೊಸಿಮಾರ್, ಕಣ್ಣೊರೆಸಿಕೊಳ್ಳುತ್ತ. "ಮಾವ, ನೀವು ನಮ್ಮನ್ನ ಹೀಗೇ ಕರ್ಕೊಂಡು ಹೋಗ್ತಿದ್ರಾ?"

ಸತುರ್ನೀನೊ ತಿರುಗಿ ನೋಡಲಿಲ್ಲ. "ಸ್ಟೇರಿಂಗ್ ಸರಿಯಿಲ್ಲ," ಎಂದರು. "ಹಳೇದ್ರಲ್ಲಿ ಗಾಡಿ ಕೈಗೆ ಸಿಗ್ತಿತ್ತು. ಇದು ಸೋಪಿನ ಮೇಲೆ ಹೋದ ಹಾಗೆ ಹೋಗುತ್ತೆ."

"ಸ್ಟೇರಿಂಗ್ ನನಗೆ ಚೆನ್ನಾಗೇ ಇತ್ತಪ್ಪ," ಎಂದ ದರ್ಜಿ ದೊಡ್ಡವನು. ಅವನು ಬೆಳಿಗ್ಗೆಯಿಂದ ಹಳೆಯದರ ಪಕ್ಷದಲ್ಲಿದ್ದವನು.

ವಾದ ಅಲ್ಲಿಗೇ ಮುಗಿದಿತ್ತು. ಹೇಳಬಹುದಾದ ನಿಜವಾದ ಕಾರಣ ಒಂದಿತ್ತು, ಅದನ್ನು ಹೇಳಿದ್ದರೆ ಬಹುಶಃ ಒಬ್ಬರೂ ಹೊಸದಕ್ಕೆ ಕೈ ಎತ್ತುತ್ತಿರಲಿಲ್ಲ. ಅದು ಅವರ ಗಂಟಲವರೆಗೆ ಬಂದದ್ದೂ ಹೌದು. ಅಷ್ಟರಲ್ಲಿ ನೆಲಿದರ ಮಗಳು ಒಳಗಿನಿಂದ ಬಂದು ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದಳು. ಈಗ ಕಾಲೇಜಿಗೆ ಹೋಗುತ್ತಾಳೆ.

"ಐದನೇದು ಬೇಕು ಅನ್ನೋರು?" ಎಂದರು ನೆಲಿದ.

ಯಾರು ಕೈ ಎತ್ತಿದರು ಎಂದು ನೋಡಲು ಸತುರ್ನೀನೊ ತಲೆಯನ್ನು ನಿಧಾನವಾಗಿ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ತಿರುಗಿಸಬೇಕಾಯಿತು. ಜೊಸಿಮಾರ್. ಅವನ ಇಬ್ಬರು ಗೆಳೆಯರು. ದರ್ಜಿ ತಮ್ಮ. ಕೊನೆಯಲ್ಲಿ, ತಮ್ಮದೇ ಭುಜಕ್ಕೆ ತಾಗುವಷ್ಟು ಹತ್ತಿರ, ಅಬೆಲೀನೊನ ಕೈ.

ಐದಕ್ಕೆ ಮೂರು. ನೆಲಿದ ಬಂದು ಸತುರ್ನೀನೊ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕುಳಿತರು.

"ಮೂಲೆ ಯಂತ್ರದಲ್ಲಿ ಹಳೇದನ್ನ ಹಾಗೇ ಬಿಡ್ತೀನಿ, ದೋನ್ ಸಾತು," ಎಂದರು. "ನಿಮಗೋಸ್ಕರ. ಬೇರೆ ಯಾರಿಗೂ ಮಾಡ್ತಿರಲಿಲ್ಲ. ನನ್ನ ಮಗಳನ್ನ ಒಂದು ಗೀರೂ ಆಗದ ಹಾಗೆ ಅಷ್ಟು ವರ್ಷ ಶಾಲೆಗೆ ಬಿಟ್ಟಿದ್ದೀರಿ, ಅದನ್ನ ಮರೆಯೋಕಾಗುತ್ತಾ?"

"ಅಯ್ಯೋ, ಅದೆಲ್ಲ ಯಾಕಮ್ಮಾ," ಎಂದರು ಅವರು.

ಹೊರಗೆ, ಗುಡ್ಡಕ್ಕೆ ಏರುವ ಹಳದಿ ಮೆಟ್ಟಿಲ ಬಳಿ ಅಬೆಲೀನೊ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಸತುರ್ನೀನೊ ಕೈಯಿಂದ ಕಂಬಿ ಹುಡುಕಿ ಹಿಡಿದರು.

"ನೀನೂನಾ?" ಎಂದರು.

"ಹೌದು ಗುರುಗಳೇ."

"ಅಷ್ಟು ಚೆನ್ನಾಗಿದೆಯಾ ಅದು?"

"ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ." ಅಬೆಲೀನೊ ಆಟೋದ ಕನ್ನಡಿ ಒರೆಸತೊಡಗಿದ. "ನೀವು ಭಾನುವಾರ ಗಾಡಿ ಹೊರಡಿಸಿದ ತಕ್ಷಣ ನನ್ನ ಬಾಯಿ ತಾನೇ ಶುರುವಾಗುತ್ತೆ. ಎಡ ಖಾಲಿ, ಬಲ ಖಾಲಿ. ಎಲ್ಲರೂ ಆಟ ಆಡ್ತಿರ್ತಾರೆ, ನನಗೆ ಮಾತ್ರ ಹಿಂದಿನ ಸೀಟಲ್ಲಿ ನಿಜವಾಗ್ಲೂ ಮಕ್ಕಳಿದ್ದಾರೆ ಅನ್ಸುತ್ತೆ. ಅಂಗೈ ಬೆವರುತ್ತೆ. ನಾಲ್ಕು ವರ್ಷದಲ್ಲಿ ನಾನು ಒಂದು ಗುಂಡೂ ಹಾರಿಸಿಲ್ಲ ಗುರುಗಳೇ. ನನಗೂ ಒಂದಿನ ಕಳ್ಳ ಆಗ್ಬೇಕು."

"ಆ ವರ್ಷ ಯಾರಿಗೂ ಏನೂ ಆಗ್ಲಿಲ್ವಲ್ಲೋ."

"ಆಗ್ಲಿಲ್ಲ. ಆಗಿದ್ರೆ ಕಣ್ಣಿನ ವಿಷಯ ಇಷ್ಟೊತ್ತಿಗೆ ಎಲ್ಲರಿಗೂ ಹೇಳ್ಬಿಟ್ಟಿರ್ತಿದ್ವಿ."

ಅಬೆಲೀನೊ ಅವರನ್ನು ಮನೆಯವರೆಗೂ ಬಿಟ್ಟ. ಇಳಿಯುವಾಗ ತೋಳು ಹಿಡಿದು, "ಕಾಲ ಹತ್ರ ಚರಂಡಿ ಇದೆ," ಎಂದ.

ಮುಂದಿನ ಭಾನುವಾರ ಹತ್ತು ಗಂಟೆಗೆ ಸತುರ್ನೀನೊ ಮೂಲೆಯ ಯಂತ್ರದ ಮುಂದೆ ಕುಳಿತರು. ಬೆನ್ನ ಹಿಂದೆ ಏಳು ಜನ ಹೊಸ ಊರಿನಲ್ಲಿ ಬ್ಯಾಂಕಿಗೆ ನುಗ್ಗುತ್ತಿದ್ದರು. ಬಾಗಿಲು ಒಡೆದವನು ಅಬೆಲೀನೊ, "ಶಾಬಾಷ್ ಕಂಡಕ್ಟರ್!" ಎಂದು ಯಾರೋ ಬೆನ್ನು ತಟ್ಟಿದ್ದು ಕೇಳಿಸಿತು. ಅವನು ಜೋರಾಗಿ ನಗುತ್ತಿದ್ದ. ಅವನು ಹಾಗೆ ನಕ್ಕಿದ್ದನ್ನು ಸತುರ್ನೀನೊ ಬಹಳ ಕಾಲದಿಂದ ಕೇಳಿರಲಿಲ್ಲ.

ವ್ಯಾನ್ ಹೊರಟಿತು. ರಸ್ತೆ ಕೈಗೆ ಗೊತ್ತಿತ್ತು, ಎಲ್ಲೂ ತಾಗಲಿಲ್ಲ. ಆದರೆ ಫುಟ್‌ಪಾತ್ ಪರದೆಯ ಅಂಚಿನಲ್ಲಿತ್ತು, ಅಲ್ಲಿ ಯಾರಾದರೂ ಕೈ ಅಡ್ಡ ಹಿಡಿದು ನಿಂತಿದ್ದಾರೆಯೇ ಎಂದು ಹೇಳುವವರಿರಲಿಲ್ಲ. ಆದ್ದರಿಂದ ಅವರು ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿದರು. ಬಾಗಿಲು ತೆಗೆದು, ಮನಸ್ಸಿನಲ್ಲೇ ಹತ್ತು ಎಣಿಸಿ, ಮುಚ್ಚಿ, ಮುಂದಕ್ಕೆ ಹೋದರು. ಬಂದರು ತಲುಪಲು ಎಂದಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿತು. ಹಿಂದಿನ ಸೀಟುಗಳಲ್ಲಿ ಎಷ್ಟು ಜನರಿದ್ದರೆಂದು ಅವರಿಗೆ ತಿಳಿಯಲಿಲ್ಲ.