ಸೋಸುಕಾಗದದ ಮೇಲೆ ಗಂಧದ ಅತ್ತರು

ತಡಸದ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಗೌಹರ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ಡುಮ್ಕಿ ಹೊಡೆದವಳು. ಆದರೆ ಟ್ಯಾಂಕರ್ ಬಂದಾಗ ಪೆಟ್ರೋಲು ಶುದ್ಧವೋ ಕಲಬೆರಕೆಯೋ ನೋಡಿ ಹೇಳುವುದು ಅವಳೇ. ಅವಳು ಹೂಂ ಅನ್ನದೆ ನೆಲದಡಿಯ ಟಾಕಿಗೆ ಒಂದು ಹನಿಯೂ ಇಳಿಯುವುದಿಲ್ಲ.

ಈ ವಿದ್ಯೆ ಹುಟ್ಟಿದ್ದು ಸವಣೂರಿನಲ್ಲಿ. ಅಪ್ಪ ಮಜೀದಸಾಬರು ಅಲ್ಲಿ ಅತ್ತರು ಮಾರುತ್ತಾರೆ. ಗಿರಾಕಿಯ ಮುಂಗೈಗೆ ಹಚ್ಚಿ, "ತುಸು ತಡೀರಿ" ಅನ್ನುತ್ತಾರೆ. ಹಗುರಾದ ವಾಸನೆ ಮೊದಲು ಹಾರಿಹೋಗಿ ಭಾರದ್ದು ಉಳಿಯಬೇಕು, ಅಲ್ಲಿಗೆ ಅಸಲಿ ನಕಲಿ ಬಯಲು. ಕಚ್ಚಾತೈಲದ್ದೂ ಇಷ್ಟೇ ಕತೆ ಅಂತಾಳೆ ಗೌಹರ. ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಹಗುರಾದ ಗ್ಯಾಸು, ಪೆಟ್ರೋಲು ಮೇಲೇರುತ್ತವೆ. ನಡುವೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್, ತಳದಲ್ಲಿ ಡಾಂಬರು. ಅದಕ್ಕೇ ಸೋಸುಕಾಗದದ ಮೇಲೆ ಬಿಟ್ಟ ಪೆಟ್ರೋಲ್ ಹನಿ ಎರಡು ನಿಮಿಷದಲ್ಲಿ ಹೇಳಹೆಸರಿಲ್ಲದೆ ಹಾರುತ್ತದೆ. ಸೀಮೆಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ.

ಹೋದ ರಮಜಾನ್ ಹಬ್ಬದ ದಿನ ಟ್ಯಾಂಕರ್ ಬರುತ್ತದೆಂದು ಅವಳಿಗೆ ರಜೆ ಸಿಗಲಿಲ್ಲ. ಹಬ್ಬಕ್ಕೆ ಮಗಳ ಮನೆಗೆ ಬಂದಿದ್ದ ಮಜೀದಸಾಬರು ಬಾಗಿಲಲ್ಲೇ ತಡೆದು, ಅವಳ ಬೆರಳಿಗೆ ಗಂಧದ ಅತ್ತರು ಹಚ್ಚಿ ಕಳಿಸಿದರು. ಟ್ಯಾಂಕರಿನ ಡ್ರೈವರ್ ಅಯಾಜ್, ಅವನೂ ಪಾಪ, ಹಬ್ಬ ಬಿಟ್ಟು ಬಂದವನೇ. ಗೌಹರ ಕಾಗದ ಹಿಡಿದು ಹನಿ ಬಿಟ್ಟಳು. ಪೆಟ್ರೋಲು ಹಾರಿತು, ಕಲೆ ಉಳಿಯಿತು.

"ಕಲಬೆರಕಿ ಐತ್ರಿ" ಅಂದುಬಿಟ್ಟಳು.

ಮ್ಯಾನೇಜರ್ ಫಕ್ಕೀರೇಶ ಅಯಾಜನ ಕಡೆ ತಿರುಗಿ ಫೋನ್ ತೆಗೆದ. "ನಿನ್ನ ಮಾಲಕಗ ಹೇಳ್ತೇನಿ. ನಾಳಿಂದ ಸ್ಟೇರಿಂಗ್ ಮುಟ್ಟೂದು ಮರತಬಿಡು."

"ಸೀಲ್ ಹೆಂಗಿತ್ತೋ ಹಂಗ ಐತ್ರಿ ಅಕ್ಕಾರ, ನಾ ಮುಟ್ಟಿಲ್ರಿ" ಅಂದ ಅಯಾಜ್.

ಗೌಹರ ಗಾಜಿನ ಜಾಡಿಯಲ್ಲಿ ಸಾಂದ್ರತೆ ಅಳೆದಳು. ಟ್ಯಾಂಕರಿನ ಜೊತೆ ಬಂದ ಚಲನ್‌ನಲ್ಲಿ ಬರೆದಿದ್ದಷ್ಟೇ ಬಂತು. ಹಾಗಾದರೆ ಕಲೆ ಎಲ್ಲಿಂದ ಬಂತು? ಕಾಗದವನ್ನು ಮೂಗಿಗೆ ಹಿಡಿದಳು. ಗಂಧದ ಘಮ. ಸೀಮೆಎಣ್ಣೆ ಯಾವ ಕಾಲಕ್ಕೆ ಘಮಘಮಿಸಿತ್ತು? ಹನಿ ಬಿಟ್ಟ ಜಾಗವನ್ನೇ ಬೆರಳಲ್ಲಿ ಒತ್ತಿ ಹಿಡಿದಿದ್ದಳು ಮಹಾತಾಯಿ. ಕಾಗದ ಮುದುಡಿ ಎಸೆದು ಇನ್ನೊಮ್ಮೆ ನೋಡೋಣ ಅಂದಿದ್ದರೆ ಒಂಬತ್ತು ವರ್ಷದ ಹೆಸರು ಉಳಿಯುತ್ತಿತ್ತು. ಅಯಾಜನ ಮೇಲಿನ ಅನುಮಾನವೂ ಉಳಿಯುತ್ತಿತ್ತು.

ಫಕ್ಕೀರೇಶನ ಮೂಗಿಗೇ ಕಾಗದ ಒಡ್ಡಿದಳು. "ಸಾಹೇಬ್ರ, ಇದು ನನ್ನ ಕೈಯಾಗಿನ ಅತ್ತರ. ತಪ್ಪು ನಂದು, ಅವಂದೇನೂ ಇಲ್ಲ." ಸೋಪು ಹಚ್ಚಿ ಮೊಣಕೈತನಕ ತೊಳೆದು ಬಂದು ಇನ್ನೊಂದು ಕಾಗದದ ಅಂಚು ಹಿಡಿದಳು. ಹನಿ ಹಾರಿತು, ಕಲೆ ಉಳಿಯಲಿಲ್ಲ.

ಮರುದಿನ ಫಕ್ಕೀರೇಶ ಜಾಡಿ, ಕಾಗದ ಎಲ್ಲ ಅವಳಿಂದ ಇಸಿದುಕೊಂಡು ಯಲ್ಲಪ್ಪ ಎಂಬ ಕೆಲಸಗಾರನಿಗೆ ಕೊಟ್ಟ. ಗೌಹರ ಬೈಕುಗಳಿಗೆ ಪೆಟ್ರೋಲ್ ಹಾಕುತ್ತ ನಿಂತಳು. ಬಹಳ ನೋವಾಯಿತು, ಸುಳ್ಳು ಯಾಕೆ.

ಎಂಟು ದಿನಕ್ಕೆ ಅಯಾಜನ ಟ್ಯಾಂಕರ್ ಮತ್ತೆ ಬಂತು. ಯಲ್ಲಪ್ಪ ಜಾಡಿ ಹಿಡಿದು ಹೋದರೆ ಅಯಾಜ್ ಟ್ಯಾಂಕರಿನ ಬೀಗದ ಕೀಲಿಯನ್ನೇ ಕೊಡಲಿಲ್ಲ. "ಅಕ್ಕಾರ್ನ ಕರೀರಿ. ಅವರು ನೋಡಿದ ಮ್ಯಾಲೇ ಇಳಸ್ತೇನಿ."

"ನಿನ್ನ ಮ್ಯಾಲೆ ಕಲಬೆರಕಿ ಹೊರಿಸಿದಾಕಿ ಅಕೀನ ಅಲ್ಲೇನೋ?" ಎಂದ ಫಕ್ಕೀರೇಶ.

"ಹೌದ್ರಿ. ಆ ಹೊರಿ ಇಳಿಸಿದೋರೂ ಅವರ ರೀ."

ಗೌಹರ ಪೈಪನ್ನು ಪಂಪಿಗೆ ಸಿಕ್ಕಿಸಿ, ಕೈ ತೊಳೆಯಲು ಹೋದಳು.