ಎಣ್ಣೆ ಕುಡಿದ ಕಲ್ಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಏನಾದರೊಂದು ನೆಪ ಸಿಕ್ಕಿ ಎದ್ದುಬಿಟ್ಟಿದ್ದೇನೆ. ಈಗ ನೆಪ ಹುಡುಕುವುದಕ್ಕೂ ಆಯಾಸ. ಮಾಟ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಹೈಸ್ಕೂಲು ಮುಗಿಸಿದ್ದ ನಾನು ಶಾಸನಗಳ ಅಚ್ಚು ತೆಗೆಯುವ ಕೆಲಸಕ್ಕೆ ಸೇರಿ ಅರಸೀಕೆರೆಯಲ್ಲಿ ಮನೆ ಮಾಡಿದ್ದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದ ಗುಳಿಗಳಿಗೆ ಇಳಿದ ಮೇಲೆ ಶಾಯಿ ಹಚ್ಚಿದ ಬಟ್ಟೆಯುಂಡೆ ಒತ್ತಬೇಕು. ಕಲ್ಲಿನ ಮೈಯೆಲ್ಲ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಅವನ್ನು ಓದುವ ವಿದ್ವಾಂಸರು ಬೇರೆ ಇದ್ದರು. ಆದರೂ ಹಳೆಯ ಕನ್ನಡದ ಅಕ್ಷರಗಳು ನನಗೂ ಅಷ್ಟಿಷ್ಟು ರೂಢಿಯಾಗಿದ್ದವು. ಹಳ್ಳಿಯವರು ನನ್ನನ್ನು ಶಾಸನದ ಮೇಷ್ಟ್ರು ಎನ್ನುತ್ತಿದ್ದರು. ನಾನು ಬೇಡವೆನ್ನಲಿಲ್ಲ.

ಹಳೇಬೀಡಿನ ಬಸದಿಗಳ ಹತ್ತಿರ ಒಬ್ಬ ವಿಧವೆಯ ಹಿತ್ತಿಲಲ್ಲಿ ಸೊಂಟದೆತ್ತರದ ಒಂದು ಕಲ್ಲಿತ್ತು. ಅದರ ಮೇಲೆ ಒಂದು ಸಾಲು ಗುರುತುಗಳು: ಮೀನಿನಂಥದ್ದು, ಏಣಿಯಂಥದ್ದು, ನಡುವೆ ಗೆರೆ ಎಳೆದ ಚಕ್ರ. ಕನ್ನಡವಲ್ಲ, ನಾಗರಿಯಲ್ಲ. ನಾನು ಅಂಥವನ್ನು ಎಲ್ಲೂ ನೋಡಿರಲಿಲ್ಲ. ವ್ರತ ಹಿಡಿದು ದೇಹಬಿಟ್ಟ ತಮ್ಮ ಮನೆಯ ಹಿರಿಯಳೊಬ್ಬಳ ಕಲ್ಲು ಅದೆಂದು ಆ ತಾಯಿ ನಂಬಿದ್ದರು. ಮದುವೆಯಾಗಿ ಬಂದಾಗಿನಿಂದ ಅದರ ಬುಡದಲ್ಲಿ ಹಿಪ್ಪೆ ಎಣ್ಣೆಯ ದೀಪ ಹಚ್ಚುತ್ತಿದ್ದರಂತೆ. ಎಣ್ಣೆ ಕುಡಿದ ಕಲ್ಲಿಗೆ ಒದ್ದೆ ಕಾಗದ ಅಂಟುವುದಿಲ್ಲ. ನಾನು ತೆಗೆದ ಅಚ್ಚಿನ ಬಲಮೂಲೆಯಲ್ಲಿ ಅಂಗೈಯಗಲ ಬರಿದಾಗಿ ಉಳಿಯಿತು.

"ಕಲ್ಲು ಕೆಡಿಸಿಬಿಟ್ಟಿದ್ದೀರಲ್ರೀ," ಎಂದು ರೇಗಿದೆ.

"ನಮ್ಮತ್ತೆ ಹಚ್ತಿದ್ರು, ಅವರತ್ತೆ ಹಚ್ತಿದ್ರಂತೆ. ಕೆಡೋದಾಗಿದ್ರೆ ಯಾವತ್ತೋ ಕೆಡ್ತಿತ್ತು ಸ್ವಾಮಿ," ಎಂದು ಆಕೆ ನಕ್ಕರು.

ಆ ಬೀದಿಯಲ್ಲಿ ಆಗ ಕರುಗಳು ಸಾಯುತ್ತಿದ್ದವು. ಆ ಕಲ್ಲಿನ ಮೇಲೆ ಮೊದಲೇ ಕೆಲವರಿಗೆ ಅನುಮಾನ. ನಾನು ಬಂದ ಸುದ್ದಿ ಕೇಳಿ ಹಿತ್ತಿಲಿಗೆ ಜನ ಸೇರಿದರು. ಪಕ್ಕದ ಮನೆಯ ಸಿದ್ದೇಗೌಡ, "ಏನ್ ಬರ್ದೈತೆ ಮೇಷ್ಟ್ರೇ?" ಎಂದ. ನಾನು ಬಗ್ಗಿ ಬ್ರಷ್ಷು ಎತ್ತಿಕೊಂಡೆ. ಹಿಂದಿನಿಂದ ಯಾರೋ, "ಅವರಿಗೂ ಬರಾಕಿಲ್ಲ ಕಣ್ಲಾ, ಬರೀ ಮಸಿ ಬಳಿಯಾಕ್ ಬಂದವ್ರೆ," ಎಂದು ನಗಾಡಿದರು.

ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಚಕ್ರವನ್ನು ತೋರಿಸಿ, "ಇದು ದಿಗ್ಬಂಧನದ ಯಂತ್ರ. ಯಾವುದೋ ಶಕ್ತಿಯನ್ನು ಇಲ್ಲಿ ಕಟ್ಟಿಹಾಕಿದ್ದಾರೆ," ಎಂದುಬಿಟ್ಟೆ.

"ಇನ್ನೇನ್ ನೋಡ್ತೀಯ ನಿಂತ್ಕಂಡು? ಹಗ್ಗ ತತ್ತಾ," ಎಂದ ಸಿದ್ದೇಗೌಡ ತನ್ನ ತಮ್ಮನಿಗೆ.

ಆ ತಾಯಿ ಅವರಲ್ಲಿ ಬೇಡಿಕೊಳ್ಳಲಿಲ್ಲ. ನೇರ ನನ್ನೆದುರು ಬಂದು ಮೆಲ್ಲಗೆ, "ಓದೋಕೆ ಬರಲಿಲ್ಲ ಅಂತ ಅಂದ್ಬಿಡಿ ಸ್ವಾಮಿ. ಅಷ್ಟಂದ್ರೆ ಸಾಕು, ಬಿಟ್ಟು ಹೋಗ್ತಾರೆ," ಎಂದರು. ನಾನು ಬ್ರಷ್ಷು ತೊಳೆಯುತ್ತ ತಲೆ ತಗ್ಗಿಸಿ ಕುಳಿತೆ. ಎತ್ತು ಕಟ್ಟಿ ಕಲ್ಲನ್ನು ಕಿತ್ತು, ಎಳೆದುಕೊಂಡು ಹೋಗಿ ಕೆರೆಗೆ ತಳ್ಳಿದರು. ಕರುಗಳು ಆಮೇಲೂ ಸತ್ತವೆಂದು ಕೇಳಿದೆ.

ಇಷ್ಟು ನಡೆದದ್ದಕ್ಕೆ ಸಾಕ್ಷಿಗಳಿದ್ದರು. ಮುಂದಿನದಕ್ಕೆ ಯಾರೂ ಇಲ್ಲ.

ಕೆಲವು ವಾರಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅರಸೀಕೆರೆಯ ಮನೆಯಲ್ಲಿ ಹೊಸ ಬ್ರಷ್ಷು ಪಳಗಿಸುತ್ತಿದ್ದೆ. ಹೊಸದರ ಕೂದಲು ಒರಟು, ಕಾಗದ ಹರಿಯುತ್ತದೆ. ಅದಕ್ಕೇ ಮೊದಲು ಅಕ್ಷರವಿಲ್ಲದ ಕಲ್ಲಿನ ಮೇಲೆ ಬಡಿದು ಮೆತ್ತಗೆ ಮಾಡಿಕೊಳ್ಳುತ್ತೇವೆ. ಪಳಗಿತೋ ಇಲ್ಲವೋ ನೋಡಲು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿಗೆ ಒದ್ದೆ ಹಾಳೆ ಹಾಸಿ ಬಡಿದೆ. ಒಂದು ಮೂಲೆ ಮಾತ್ರ ಎಷ್ಟು ಬಡಿದರೂ ಏಳುತ್ತಿತ್ತು. ಹೇಗೂ ಇರಲಿ ಎಂದು ಶಾಯಿ ಒತ್ತಿದೆ. ಕಪ್ಪಿನ ನಡುವೆ ಮೀನು ಬಂತು. ಏಣಿ ಬಂತು. ಆಮೇಲೆ ಚಕ್ರ. ಅಂಟದೆ ಎದ್ದಿದ್ದು ಬಲಮೂಲೆ, ಅಂಗೈಯಗಲ.

ಕಾಗದ ಕಿತ್ತು ಕಲ್ಲನ್ನು ಸವರಿದೆ. ನುಣ್ಣಗಿತ್ತು, ಒಂದು ಗೀರೂ ಇಲ್ಲ. ಬಲಮೂಲೆಯಲ್ಲಿ ಮಾತ್ರ ಕೈ ಜಾರಿತು. ಹೆಂಡತಿಯನ್ನು ಕೂಗಿ, "ಇಲ್ಲಿ ಹಿಪ್ಪೆ ಎಣ್ಣೆ ಯಾರೇ ಚೆಲ್ಲಿದ್ದು?" ಎಂದೆ. "ನಮ್ಮನೇಲಿ ಹಿಪ್ಪೆ ಎಣ್ಣೆ ಎಲ್ಲಿದೆ? ಬಿಸಿಲಲ್ಲಿ ಕೂತು ತಲೆ ಕೆಟ್ಟಿದೆ ನಿಮಗೆ," ಎಂದು ಒಳಗಿನಿಂದಲೇ ಅಂದಳು. ಮತ್ತೊಂದು ಹಾಳೆ ಹಾಸಿ ಅಚ್ಚು ತೆಗೆದೆ. ಬರೀ ಕಪ್ಪು. ಹೆದರಿಕೆಗೆ ಮೊದಲ ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದೆ. ನನ್ನ ಕೈಯಾರೆ ಸುಟ್ಟದ್ದರಿಂದ ನಿಮಗೆ ತೋರಿಸಲು ಏನೂ ಇಲ್ಲ.

ಮನಸ್ಸು ಕಂಡದ್ದನ್ನೇ ಕಣ್ಣು ಕಂಡಿತೋ ಏನೋ. ಆದರೆ ಕೈಗೆ ಅಂಟಿದ ಆ ಎಣ್ಣೆಯನ್ನು ಸೀಗೆಪುಡಿ ಹಾಕಿ ತೊಳೆದದ್ದು ಚೆನ್ನಾಗಿ ನೆನಪಿದೆ. ಅದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಬೇಲೂರಿಗೆ ಹೋಗುವಾಗೆಲ್ಲ ಬಸ್ಸು ಹಳೇಬೀಡಿನಲ್ಲಿ ನಿಲ್ಲುತ್ತಿತ್ತು. ಒಂದು ಸಲ ಇಳಿದು ಕೆರೆಯವರೆಗೂ ಹೋದೆ. ನೀರಿನಂಚಿನ ಒಂದು ಮೆಟ್ಟಿಲು ಎಣ್ಣೆಯಿಂದ ಕಪ್ಪಗಾಗಿತ್ತು, ಪಕ್ಕದಲ್ಲಿ ಸುಟ್ಟ ಬತ್ತಿ ಬಿದ್ದಿತ್ತು. ಆಕೆಯ ಮನೆ ಅಲ್ಲಿಂದ ದೂರವಿರಲಿಲ್ಲ. ನಾನು ಬಂದ ದಾರಿಯಲ್ಲೇ ತಿರುಗಿ ಬಸ್ಸು ಹತ್ತಿದೆ. ಅವರು ತೀರಿಕೊಂಡು ಬಹಳ ಕಾಲವಾಯಿತೆಂದು ಈಚೆಗೆ ತಿಳಿಯಿತು.

ನನಗೆ ಓದಲು ಬರಲಿಲ್ಲ. ಇಷ್ಟೇ ಮಾತು. ಇದನ್ನು ಹೇಳಬೇಕಾಗಿದ್ದದ್ದು ನಿಮಗಲ್ಲ, ಆ ತಾಯಿ ಚಂದ್ರಮತಮ್ಮನವರಿಗೆ.