ಒಲೆಯ ಮುಂದೆ ಸೋತ ಸೈಲೆನ್ಸರ್

"ತಮ್ಮಾ, ಕೊಳವಿ ಅಷ್ಟು ಅಗಲ ಆದ್ರ ಗಾಳಿಗಿ ಜೋರ್ ಎಲ್ಲಿಂದ ಬರ್ತದ?" ಚಂದಾಪುರದ ಗ್ಯಾರೇಜಿನಲ್ಲಿ ಚಹಾಕ್ಕೆ ಒಲೆ ಊದುತ್ತಿದ್ದ ಮೆಕ್ಯಾನಿಕ್‌ನ ತಾಯಿ ಕೇಳಿದರು. ಹೊಗೆ ಸರಾಗವಾಗಿ ಹೋಗಲೆಂದು ನಾನೇ ಲೆಕ್ಕ ಹಾಕಿ ಕಾರಿಗೆ ದಪ್ಪ ಸೈಲೆನ್ಸರ್ ಪೈಪ್ ಹಾಕಿಸಿದ್ದೆ. ಕುಂಚಾವರಂ ಏರಿನಲ್ಲಿ ಕಾರು ದಮ್ಮು ಕಳೆದುಕೊಂಡಿದ್ದರಿಂದ ವಾಪಸ್ ತಿರುಗಿಸಿ ತಂದಿದ್ದೆ.

ನಾನು ಒಪ್ಪಲಿಲ್ಲ. ಮಗ ಕತ್ತರಿಸಿ ತೆಗೆದಿದ್ದ ಪೈಪಿನ ತುಂಡನ್ನು ಅವರು ಸೆರಗಿನಿಂದ ಒರೆಸಿ, ಅದರಿಂದ ಒಲೆಗೆ ಊದಿದರು. ಬೂದಿಯೂ ಅಲುಗಲಿಲ್ಲ. ತಮ್ಮ ಸಣ್ಣ ಊದುಗೊಳವೆಯಿಂದ ಊದಿದರು, ಬೆಂಕಿ ಭಗ್ಗೆಂದಿತು.

"ಸಣ್ಣ ಪೈಪ್ ಹಾಕ್ಲೇನ್ರಿ ಸರ?" ಎಂದ ಮಗ. ಹಾಕಿಸಿದೆ. ಕಾರು ಅದೇ ಏರನ್ನು ಆರಾಮಾಗಿ ಹತ್ತಿತು.

ನಾನು ಡಿಪ್ಲೊಮಾ ಕಾಲೇಜಿನಲ್ಲಿ ಆಟೊಮೊಬೈಲ್ ಕಲಿಸುವ ಮೇಷ್ಟ್ರು ಎಂದು ಆ ತಾಯಿಗೆ ಹೇಳಲಿಲ್ಲ. ಈಗ ಎಂಜಿನ್ ಪಾಠಕ್ಕೆ ಊದುಗೊಳವೆ ಹಿಡಿದೇ ಹೋಗುತ್ತೇನೆ.